ಕತ್ತಲಲ್ಲಿ ಮಿನುಗುವ ಟೆಸ್ಟ್: ಮೆಣಸಿನಕಾಯಿ, ಶೇಂಗಾದ ವಿಷವನ್ನು ಡಿಎನ್‌ಎ ದಾರ ಹಿಡಿಯೋದು ಹೇಗೆ?

ಡೈರಿಗೆ ಹಾಲು ಹಾಕುವ ಮನೆಯವರಿಗೆ ಈ ಮಾತು ಬೇಗ ಅರ್ಥ ಆಗುತ್ತೆ. ಕ್ಯಾನಿನಲ್ಲಿರುವ ಹಾಲು ನಮ್ಮದು, ಆದ್ರೆ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಹೇಳೋದು ಅಲ್ಲಿರುವ ಮಷಿನ್. ಅದು ಹೇಳಿದ್ದೇ ರೇಟು. ಸೊಸೈಟಿಯಲ್ಲಿ ಕನಿಷ್ಠ ಆ ಅಂಕಿ ನಮ್ಮ ಕಣ್ಣೆದುರೇ ಬರುತ್ತೆ. ಒಣಮೆಣಸಿನಕಾಯಿ, ಶೇಂಗಾ ಬೆಳೆಯೋರಿಗೆ ಅದೂ ಇಲ್ಲ. ಮಾಲು ಲಾರಿ ಹತ್ತಿ, ಸ್ಯಾಂಪಲ್ ಎಲ್ಲೋ ಲ್ಯಾಬಿಗೆ ಹೋಗಿ, ಎಷ್ಟೋ ದಿನದ ಮೇಲೆ ಫೋನ್ ಬರುತ್ತೆ: "ಅಫ್ಲಾಟಾಕ್ಸಿನ್ ಜಾಸ್ತಿ ಇದೆ, ಆ ರೇಟಿಗೆ ಆಗಲ್ಲ." ತಿರುಗಿ ಕೇಳೋಕೆ ನಮ್ಮ ಹತ್ರ ಒಂದು ಅಂಕಿಯೂ ಇರಲ್ಲ.

ಅದಕ್ಕೇ "ಡಿಎನ್‌ಎ ನ್ಯಾನೋ ಸೆನ್ಸರ್", "ಮೊಬೈಲ್ ಕ್ಯಾಮೆರಾದಲ್ಲೇ ವಿಷ ಪತ್ತೆ" ಅನ್ನೋ ವಿಡಿಯೋಗಳು ವಾಟ್ಸಾಪ್‌ನಲ್ಲಿ ಬಂದಾಗ ನಮ್ಮ ಹುಡುಗರು ಕಣ್ಣರಳಿಸಿ ನೋಡ್ತಾರೆ. ಇದು ನಿಜಾನಾ ಅಂತ ನನ್ನನ್ನೂ ಕೇಳ್ತಾರೆ. ಹಿಂದಿರುವ ವಿಜ್ಞಾನ ನಿಜ, ಬಹಳ ಸೊಗಸಾದದ್ದೂ ಹೌದು. ಆದ್ರೆ ಲ್ಯಾಬಿನ ಟ್ಯೂಬಿನಿಂದ ನಮ್ಮ ಕಣಕ್ಕೆ ಬರೋ ದಾರಿಯಲ್ಲಿ ಕೆಲವು ಗುಂಡಿಗಳಿವೆ. ಇದು ಕೆಲಸ ಮಾಡೋ ರೀತಿ ಗೊತ್ತಿದ್ರೆ ಆ ಗುಂಡಿಗಳು ನಮಗೇ ಕಾಣ್ತವೆ, ಕಿಟ್ ಮಾರೋಕೆ ಬಂದವರ ಹತ್ರ ಸರಿಯಾದ ಪ್ರಶ್ನೆ ಕೇಳಬಹುದು.

ಎಷ್ಟು ಸಣ್ಣದನ್ನು ಹುಡುಕಬೇಕು?

ಅಫ್ಲಾಟಾಕ್ಸಿನ್ ಅನ್ನೋದು ಆಸ್ಪರ್ಜಿಲಸ್ ಫ್ಲೇವಸ್ ಮತ್ತು ಅದರ ಹತ್ತಿರದ ಜಾತಿಯ ಬೂಷ್ಟು ತಯಾರಿಸುವ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಇದು ಮೊದಲು ಗೊತ್ತಾಯ್ತು. ನಮ್ಮ ದೇಶದಲ್ಲೇ 1974ರಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾನ್ಸ್‌ವಾಡಾ ಕಡೆ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 397 ಜನ ಕಾಯಿಲೆ ಬಿದ್ದರು, 106 ಜನ ತೀರಿಕೊಂಡರು. ಅಷ್ಟು ದೊಡ್ಡ ಪ್ರಮಾಣದಲ್ಲಿ ತಿಂದ್ರೆ ಹೀಗೆ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೊಟ್ಟೆಗೆ ಹೋದ್ರೆ ಲಿವರ್ ಕ್ಯಾನ್ಸರ್. ಹುರಿದ್ರೂ ಕುದಿಸಿದ್ರೂ ಪೂರ್ತಿ ಹೋಗಲ್ಲ.

ಹಾಗಾಗಿ ಮಿತಿ ತುಂಬಾ ಕಟ್ಟುನಿಟ್ಟು. ಯುರೋಪಿಗೆ ಹೋಗುವ ಒಣಮೆಣಸಿನಕಾಯಲ್ಲಿ ಅಫ್ಲಾಟಾಕ್ಸಿನ್ ಬಿ1 ಒಂದು ಕೆಜಿಗೆ 5 ಮೈಕ್ರೋಗ್ರಾಂ, ನಾಲ್ಕೂ ಬಗೆ ಸೇರಿ 10 ಮೈಕ್ರೋಗ್ರಾಂ ದಾಟೋ ಹಾಗಿಲ್ಲ. ನೇರವಾಗಿ ತಿನ್ನೋ ಶೇಂಗಾಕ್ಕೆ ಇದು 2 ಮತ್ತು 4. ಬೂಷ್ಟು ಹಿಡಿದ ಹಿಂಡಿ ತಿಂದ ಹಸುವಿನ ಹಾಲಿನಲ್ಲಿ ಬರುವ ಎಂ1 ಅನ್ನೋ ರೂಪಕ್ಕೆ ನಮ್ಮ ದೇಶದ ಮಿತಿ 0.5, ಯುರೋಪಿನದು 0.05. ಕೆಜಿಗೆ ಒಂದು ಮೈಕ್ರೋಗ್ರಾಂ ಅಂದ್ರೆ ಒಂದು ಪಿಪಿಬಿ. ಇದನ್ನು ಹೀಗೆ ಊಹಿಸಿ: 10 ಟನ್ನಿನ 100 ಲಾರಿ ಮೆಣಸಿನಕಾಯಿ, ಅದರಲ್ಲಿ ಒಟ್ಟು ಒಂದೇ ಒಂದು ಗ್ರಾಂ ವಿಷ. ಅದನ್ನು ಕಂಡುಹಿಡಿಯಬೇಕು.

ದೀಪ ಬೇಡದ ಬೆಳಕು

ಅಫ್ಲಾಟಾಕ್ಸಿನ್‌ನ ಹೆಸರಲ್ಲಿರೋ ಬಿ ಮತ್ತು ಜಿ ಅಕ್ಷರಗಳು ಬಂದಿದ್ದೇ ಬೆಳಕಿನಿಂದ. ಯುವಿ ದೀಪ ಬಿಟ್ರೆ ಬಿ ಬಗೆಯದ್ದು ನೀಲಿಯಾಗಿ, ಜಿ ಬಗೆಯದ್ದು ಹಸಿರಾಗಿ ಹೊಳೆಯುತ್ತೆ. ಹಾಗಾದ್ರೆ ದೀಪ ಬಿಟ್ಟು ನೋಡಿದ್ರೆ ಆಯ್ತಲ್ಲ ಅಂತೀರಾ? ತೊಂದರೆ ಏನು ಅಂದ್ರೆ, ಯುವಿ ದೀಪದಡಿ ಸಿಪ್ಪೆ, ಪುಡಿ, ಎಣ್ಣೆ, ಕೊನೆಗೆ ಪ್ಲಾಸ್ಟಿಕ್ ಟ್ಯೂಬ್ ಕೂಡ ಸ್ವಲ್ಪ ಸ್ವಲ್ಪ ಹೊಳೆಯುತ್ತೆ. ದೀಪದ ಬೆಳಕೇ ಚದುರಿ ಕ್ಯಾಮೆರಾಗೆ ಬೀಳುತ್ತೆ. ಆ ಗದ್ದಲದಲ್ಲಿ ಒಂದು ಪಿಪಿಬಿಯ ಸಣ್ಣ ಹೊಳಪು ಮುಳುಗಿಹೋಗುತ್ತೆ. ಹುಣ್ಣಿಮೆ ರಾತ್ರಿ ಮಿಂಚುಹುಳ ಹುಡುಕಿದ ಹಾಗೆ.

ಅಮಾವಾಸ್ಯೆಯಲ್ಲಿ ಹುಡುಕಿ, ಒಂದೇ ಹುಳ ಇದ್ರೂ ಕಾಣುತ್ತೆ. ರಾಸಾಯನಿಕ ಬೆಳಕಿನ ಟೆಸ್ಟ್‌ಗಳ ಇಡೀ ಲಾಭ ಇಷ್ಟೇ. ಇಲ್ಲಿ ಹೊರಗಿನ ದೀಪ ಇಲ್ಲ. ಎರಡು ಮೂರು ವಸ್ತು ಸೇರಿ ಕ್ರಿಯೆ ನಡೆಯುವಾಗ ಹೊರಬರೋ ಶಕ್ತಿ, ಬಿಸಿಯಾಗಿ ಹೋಗುವ ಬದಲು ಬೆಳಕಾಗಿ ಹೊರಬರುತ್ತೆ. ಕ್ರಿಯೆ ನಡೆದ್ರೆ ಬೆಳಕು, ಇಲ್ಲಾಂದ್ರೆ ಕತ್ತಲು. ಜಾತ್ರೆಯಲ್ಲಿ ಮಕ್ಕಳು ಕೊಳ್ಳೋ, ಮುರಿದ್ರೆ ಹೊಳೆಯೋ ಕೋಲು ಇದೆಯಲ್ಲ, ಅದೂ ಇದೇ ಜಾತಿ.

ಲ್ಯಾಬಿನಲ್ಲಿ ಹೆಚ್ಚು ಬಳಸೋದು ಲ್ಯುಮಿನಾಲ್ ಅನ್ನೋ ಪುಡಿಯನ್ನು. ಇದು ಬೆಳಕು ಕೊಡುತ್ತೆ ಅಂತ 1928ರಲ್ಲಿ ಜರ್ಮನಿಯ ಆಲ್‌ಬ್ರೆಕ್ಟ್ ಬರೆದರು. ಕ್ಷಾರದ ನೀರಿನಲ್ಲಿ ಲ್ಯುಮಿನಾಲ್ ಜೊತೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದ್ರೆ ಸುಮ್ಮನೆ ಇರುತ್ತೆ. ಕ್ರಿಯೆಯನ್ನು ತಳ್ಳೋ ಮೂರನೆಯವನೊಬ್ಬ ಬಂದಾಗ ಮಾತ್ರ ನೀಲಿಯಾಗಿ ಬೆಳಗುತ್ತೆ. ರಕ್ತದಲ್ಲಿರುವ ಕಬ್ಬಿಣದ ಅಂಶ ಹಾಗೆ ತಳ್ಳುತ್ತೆ, ಅದಕ್ಕೇ ಪೊಲೀಸರು ಒರೆಸಿಹಾಕಿದ ರಕ್ತದ ಕಲೆ ಹುಡುಕೋಕೆ ಇದನ್ನು ಬಳಸ್ತಾರೆ. ಹಾರ್ಸ್‌ರಾಡಿಶ್ ಅಂತ ನಮ್ಮ ಮೂಲಂಗಿ, ಸಾಸಿವೆ ಕುಟುಂಬದ ಒಂದು ಖಾರದ ಬೇರು ಇದೆ. ಅದರ ಪೆರಾಕ್ಸಿಡೇಸ್ ಅನ್ನೋ ಕಿಣ್ವ ಈ ಕೆಲಸದಲ್ಲಿ ಮೇಲ್ದರ್ಜೆಯದ್ದು. ಪ್ರಪಂಚದ ಎಷ್ಟೋ ಲ್ಯಾಬ್ ಟೆಸ್ಟ್‌ಗಳು ಈ ಬೇರಿನ ಮೇಲೆ ನಿಂತಿವೆ ಅಂದ್ರೆ ತೋಟಗಾರಿಕೆ ಓದಿದ ನನ್ನಂಥವರಿಗೆ ಒಳಗೊಳಗೇ ಖುಷಿ.

ಇದು ನಮ್ಮ ಮನೆಗೆ ಆಗಲೇ ಬಂದಿದೆ, ನಾವು ಗಮನಿಸಿಲ್ಲ ಅಷ್ಟೆ. ಮನೆಯಲ್ಲಿ ಯಾರದ್ದಾದ್ರೂ ಥೈರಾಯ್ಡ್ ರಿಪೋರ್ಟ್ ಇದ್ರೆ ತೆಗೆದು ನೋಡಿ. ವಿಧಾನ ಅನ್ನೋ ಕಡೆ ಸಿಎಲ್‌ಐಎ ಅಂತ ಇದ್ರೆ, ಆ ರಕ್ತದ ಹನಿ ಒಂದು ಕತ್ತಲೆ ಡಬ್ಬಿಯಲ್ಲಿ ಬೆಳಗಿ ಅಂಕಿ ಕೊಟ್ಟಿದೆ ಅಂತ ಅರ್ಥ. ಡೈರಿ, ಆಹಾರ ಫ್ಯಾಕ್ಟರಿಗಳಲ್ಲಿ ಪಾತ್ರೆ, ಪೈಪು ತೊಳೆದ ಮೇಲೆ ಒಂದು ಹತ್ತಿಕಡ್ಡಿಯಿಂದ ಒರೆಸಿ ಕೈಮಷಿನ್‌ಗೆ ಹಾಕ್ತಾರಲ್ಲ, ಅದು ಮಿಂಚುಹುಳದ್ದೇ ಕ್ರಿಯೆ. ಜೀವಕೋಶಗಳಲ್ಲಿರುವ ಎಟಿಪಿ ಜೊತೆ ಮಿಂಚುಹುಳದ ಲೂಸಿಫೆರಿನ್, ಲೂಸಿಫೆರೇಸ್ ಸೇರಿ ಬೆಳಕು ಬರುತ್ತೆ. ಬೆಳಕು ಜಾಸ್ತಿ ಅಂದ್ರೆ ಕೊಳೆ ಜಾಸ್ತಿ. ಯಾವ ಬ್ಯಾಕ್ಟೀರಿಯಾ ಅಂತ ಅದು ಹೇಳಲ್ಲ, ಸ್ವಚ್ಛ ಆಗಿದೆಯಾ ಇಲ್ಲವಾ ಅಷ್ಟೇ ಹೇಳುತ್ತೆ. ಎಫ್‌ಪಿಒ ಪ್ಯಾಕ್‌ಹೌಸ್ ನಡೆಸೋರಿಗೆ ಅಷ್ಟು ಸಾಕು.

ಇಲ್ಲಿ ಡಿಎನ್‌ಎ ಅಂದ್ರೆ ದಾರ

ಡಿಎನ್‌ಎ ಅಂದ ತಕ್ಷಣ ಬಿಟಿ, ಕುಲಾಂತರಿ ಅಂತ ನಮ್ಮ ಸಾವಯವ ಗೆಳೆಯರು ಹಿಂದೆ ಸರಿಯೋದುಂಟು. ಇಲ್ಲಿ ಆ ಭಯ ಬೇಡ. ಈ ಟೆಸ್ಟ್‌ಗಳಲ್ಲಿ ಬಳಸೋ ಡಿಎನ್‌ಎ ಯಾವ ಜೀವಿಯ ಗುಣವನ್ನೂ ಹೊತ್ತಿರಲ್ಲ. ಮಷಿನ್‌ನಲ್ಲಿ ಬೇಕಾದ ಅಕ್ಷರ ಟೈಪ್ ಮಾಡಿ ತಯಾರಿಸಿದ ತುಂಡು ಅದು. ಬೆಳೆಗೆ ಹಾಕಲ್ಲ, ಟ್ಯೂಬಿನಲ್ಲೇ ಇರುತ್ತೆ. ಇಲ್ಲಿ ಅದರ ಕೆಲಸ ದಾರದ್ದು, ಕೊಂಡಿಯದ್ದು.

ಎ, ಟಿ, ಜಿ, ಸಿ ಅಂತ ನಾಲ್ಕೇ ಅಕ್ಷರ. ಎ ಹೋಗಿ ಟಿ ಗೆ ಅಂಟುತ್ತೆ, ಜಿ ಹೋಗಿ ಸಿ ಗೆ. ಹೊಂದೋ ಅಕ್ಷರಸಾಲು ಸಿಕ್ಕರೆ ಎರಡು ಎಳೆ ಜಿಪ್ ಹಾಗೆ ಮುಚ್ಚಿಕೊಳ್ಳುತ್ತೆ, ಹೊಂದದಿದ್ರೆ ಬಿಟ್ಟುಬಿಡುತ್ತೆ. ಅಂದ್ರೆ ಯಾವುದು ಯಾವುದಕ್ಕೆ ಅಂಟಬೇಕು ಅನ್ನೋದನ್ನು ಮೊದಲೇ ಬರೆದಿಡಬಹುದು. ಆ ಎರಡೆಳೆಯ ದಪ್ಪ ಸುಮಾರು 2 ನ್ಯಾನೋಮೀಟರ್. ನಮ್ಮ ತಲೆಗೂದಲು ಸುಮಾರು 80 ಸಾವಿರ ನ್ಯಾನೋಮೀಟರ್ ಅಂತಿಟ್ಟುಕೊಂಡ್ರೆ ಅದರ ಅಗಲದಲ್ಲಿ 40 ಸಾವಿರ ಡಿಎನ್‌ಎ ಎಳೆ ಪಕ್ಕಪಕ್ಕ ಕೂರಬಹುದು.

ಈ ಗುಣದಿಂದ ಆಕಾರಗಳನ್ನೇ ಕಟ್ಟಬಹುದು ಅಂತ 1982ರಲ್ಲಿ ಅಮೆರಿಕದ ನೆಡ್ ಸೀಮನ್ ಬರೆದಾಗ ಅದು ಬರೀ ಕಾಗದದ ಮೇಲಿನ ಆಲೋಚನೆ. 2006ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಪಾಲ್ ರಾಥ್‌ಮಂಡ್ ಮಾಡಿ ತೋರಿಸಿದರು. ಬ್ಯಾಕ್ಟೀರಿಯಾಗೆ ತಗಲುವ ಒಂದು ವೈರಸ್ಸಿನ, 7 ಸಾವಿರಕ್ಕೂ ಹೆಚ್ಚು ಅಕ್ಷರದ ಉದ್ದ ಎಳೆಯನ್ನು ಹಿಂದೆ ಮುಂದೆ ಮಡಚಿ, 200ಕ್ಕೂ ಹೆಚ್ಚು ಸಣ್ಣ ತುಂಡುಗಳಿಂದ ಅಲ್ಲಲ್ಲಿ ಬಿಗಿದರು. ಮೂಡಿದ್ದು ಸುಮಾರು 100 ನ್ಯಾನೋಮೀಟರ್ ಅಗಲದ ನಗುಮುಖ! ನಾವು ವಾಟ್ಸಾಪ್‌ನಲ್ಲಿ ಕಳಿಸೋ ಅದೇ ಮುಖ. ಕೈಯಿಂದ ಯಾರೂ ಹೆಣೆದಿಲ್ಲ. ಎಲ್ಲವನ್ನೂ ಒಂದೇ ಟ್ಯೂಬಿಗೆ ಹಾಕಿ ಬಿಸಿ ಮಾಡಿ ನಿಧಾನಕ್ಕೆ ಆರಿಸಿದ್ರು, ದಾರಗಳೇ ತಮ್ಮ ಜೋಡಿ ಹುಡುಕಿಕೊಂಡವು.

ವಿಷವನ್ನು ಗುರುತು ಹಿಡಿಯೋ ತಳಿ

ಡಿಎನ್‌ಎ ಡಿಎನ್‌ಎಯನ್ನು ಹಿಡಿಯೋದು ಸರಿ. ಪಪ್ಪಾಯಿ, ಟೊಮ್ಯಾಟೊ ರೋಗದ ವೈರಸ್ ಹುಡುಕೋಕೆ ಅದು ನೇರ ದಾರಿ, ಯಾಕಂದ್ರೆ ವೈರಸ್ ಒಳಗೂ ಅಂಥದ್ದೇ ಅಕ್ಷರಸಾಲು ಇರುತ್ತೆ. ಆದ್ರೆ ಅಫ್ಲಾಟಾಕ್ಸಿನ್‌ಗೆ ಅಕ್ಷರಸಾಲು ಇಲ್ಲ. ಅದನ್ನು ದಾರ ಹೇಗೆ ಹಿಡಿಯುತ್ತೆ?

ಇದಕ್ಕೆ ಉತ್ತರ ನಮ್ಮ ತಳಿ ಆಯ್ಕೆಯ ಹಾಗೇ ಇದೆ. ಕೋಟಿ ಕೋಟಿ ಬೇರೆ ಬೇರೆ ಸಣ್ಣ ಎಳೆಗಳನ್ನು ಒಟ್ಟಿಗೆ ತಗೊಂಡು ವಿಷದ ಜೊತೆ ಬಿಡ್ತಾರೆ. ಅಂಟದ್ದನ್ನು ತೊಳೆದುಬಿಡ್ತಾರೆ. ಅಂಟಿದ ಕೆಲವನ್ನು ಬಿಡಿಸಿ, ಅವನ್ನೇ ದ್ವಿಗುಣ ಮಾಡಿ, ಮತ್ತೆ ವಿಷದ ಜೊತೆ ಬಿಡ್ತಾರೆ. ಹತ್ತಾರು ಸುತ್ತು ಆದ ಮೇಲೆ ಉಳಿಯೋದು ಆ ವಿಷವನ್ನೇ ಮೈಸುತ್ತಿ ಹಿಡಿಯೋ ಎಳೆ. ಇದಕ್ಕೆ ಆಪ್ಟಮರ್ ಅಂತಾರೆ. 1990ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆ ಬೇರೆಯಾಗಿ ಈ ದಾರಿ ಕಂಡುಕೊಂಡವು, ಮೊದಲು ಆರ್‌ಎನ್‌ಎ ಮೇಲೆ, ಆಮೇಲೆ ಡಿಎನ್‌ಎ ಮೇಲೂ ಆಯ್ತು. ಅಫ್ಲಾಟಾಕ್ಸಿನ್ ಬಿ1ಗೂ, ಮೆಣಸಿನಕಾಯಲ್ಲೇ ಬರುವ ಇನ್ನೊಂದು ಬೂಷ್ಟುವಿಷ ಓಕ್ರಾಟಾಕ್ಸಿನ್‌ಗೂ ಈಗ ಆಪ್ಟಮರ್‌ಗಳಿವೆ.

ದಾರವೇ ದೀಪ ಹಚ್ಚಿದಾಗ

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಹಿಡಿದದ್ದಾಯ್ತು, ಹಿಡಿದಿದ್ದೇನೆ ಅಂತ ಹೇಳೋದು ಹೇಗೆ?

ಜಿ ಅಕ್ಷರ ಹೆಚ್ಚಿರೋ ಎಳೆಗೆ ಒಂದು ವಿಚಿತ್ರ ಗುಣ ಇದೆ. ಅದು ಜೋಡಿ ಹುಡುಕದೆ ತನ್ನ ಮೈಯನ್ನೇ ಮಡಚಿ ನಾಲ್ಕು ಕಂಬದ ಮಂಟಪದ ಹಾಗೆ ನಿಲ್ಲಬಲ್ಲದು. ಹೀಮಿನ್ ಅಂತ ರಕ್ತದ ಕೆಂಪಿನಿಂದ ಬರುವ ಕಬ್ಬಿಣದ ಚಪ್ಪಟೆ ಅಣು ಒಂದಿದೆ. ಅದು ಈ ಮಂಟಪದ ಮೇಲೆ ಹಂಚು ಹೊದಿಸಿದ ಹಾಗೆ ಕೂತುಬಿಡುತ್ತೆ. ಕೂತ ತಕ್ಷಣ ಎರಡೂ ಸೇರಿ ಆ ಖಾರದ ಬೇರಿನ ಕಿಣ್ವದ ಕೆಲಸ ಮಾಡೋಕೆ ಶುರು ಮಾಡ್ತವೆ. ಇದನ್ನು 1998ರಲ್ಲಿ ತೋರಿಸಿದ್ದು ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ದೀಪಂಕರ್ ಸೇನ್ ಅವರ ಲ್ಯಾಬ್. ಇದಕ್ಕೆ ಲ್ಯುಮಿನಾಲ್ ಸೇರಿಸಿ ಬೆಳಕಿನ ಟೆಸ್ಟ್‌ಗಳನ್ನು ಬೆಳೆಸಿದವರಲ್ಲಿ ಜೆರುಸಲೇಮಿನ ಇಟಮಾರ್ ವಿಲ್ನರ್ ಅವರ ತಂಡ ಮುಖ್ಯ.

ಈಗ ಎರಡನ್ನೂ ಜೋಡಿಸಿ ನೋಡಿ. ಆಪ್ಟಮರ್ ದಾರ ಜಿ ದಾರದ ಕಾಲು ಕಟ್ಟಿಹಾಕಿದೆ, ಹಾಗಾಗಿ ಜಿ ದಾರ ಮಡಚಿಕೊಳ್ಳಲಾರದು. ಮೆಣಸಿನಕಾಯಿ ಸಾರ ಹಾಕ್ತೀರಿ. ಅದರಲ್ಲಿ ಅಫ್ಲಾಟಾಕ್ಸಿನ್ ಇದ್ರೆ ಆಪ್ಟಮರ್ ಅದನ್ನು ಅಪ್ಪಿಕೊಳ್ಳೋಕೆ ಹೋಗಿ ಜಿ ದಾರವನ್ನು ಬಿಟ್ಟುಬಿಡುತ್ತೆ. ಬಿಡುಗಡೆಯಾದ ಜಿ ದಾರ ಮಂಟಪವಾಗುತ್ತೆ, ಹೀಮಿನ್ ಮೇಲೆ ಕೂರುತ್ತೆ, ಲ್ಯುಮಿನಾಲ್ ಬೆಳಗುತ್ತೆ. ವಿಷ ಇದ್ರೆ ಬೆಳಕು.

ಬೇರಿನ ಕಿಣ್ವದಷ್ಟು ಜೋರು ಈ ದಾರಕ್ಕಿಲ್ಲ, ಅದು ಒಪ್ಪಬೇಕಾದ್ದೇ. ಆದ್ರೆ ಕಿಣ್ವ, ಆಂಟಿಬಾಡಿಗಳಿಗೆ ಫ್ರಿಜ್ ಬೇಕು, ಬಿಸಿಲಲ್ಲಿ ಕೆಡ್ತವೆ. ಡಿಎನ್‌ಎ ದಾರ ಒಣಗಿಸಿ ಇಟ್ರೆ ಗಟ್ಟಿ. ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಗಂಟೆ ಕರೆಂಟ್ ಇರುತ್ತೆ ಅಂತ ಗೊತ್ತಿರೋ ನಮಗೆ ಇದು ಸಣ್ಣ ಲಾಭ ಅಲ್ಲ.

ಬೆಳಕು ಸಾಲದಿದ್ರೆ ಹೆಚ್ಚಿಸೋ ಉಪಾಯವೂ ದಾರದಲ್ಲೇ ಇದೆ. 2004ರಲ್ಲಿ ಕ್ಯಾಲ್‌ಟೆಕ್‌ನ ಡರ್ಕ್ಸ್ ಮತ್ತು ಪಿಯರ್ಸ್ ತೋರಿಸಿದ ಸರಪಳಿ ಕ್ರಿಯೆ ಇದು. ಹೇರ್‌ಪಿನ್ ಹಾಗೆ ಮಡಚಿ ಕೂತ ಎರಡು ಬಗೆಯ ದಾರಗಳು ಟ್ಯೂಬಿನಲ್ಲಿ ಸುಮ್ಮನಿರ್ತವೆ. ಒಂದು ಸೂಚನೆಯ ಎಳೆ ಬಂದು ಮೊದಲನೆಯದನ್ನು ಬಿಚ್ಚಿದ್ರೆ ಅದರ ಬಾಲ ಎರಡನೆಯದನ್ನು ಬಿಚ್ಚುತ್ತೆ, ಅದು ಮತ್ತೊಂದನ್ನು. ಪ್ರತಿ ಹೇರ್‌ಪಿನ್‌ಗೂ ಒಂದು ಜಿ ತುಂಡು ಕಟ್ಟಿದ್ರೆ ಒಂದು ವಿಷದ ಅಣುವಿಗೆ ಸಾಲು ದೀಪ.

ಇನ್ನೊಂದು ಉಪಾಯ ಆಕಾರದ್ದು. ಹಿಡಿಯೋ ದಾರಗಳನ್ನು ಚಿಪ್ ಮೇಲೆ ಸುಮ್ಮನೆ ಅಂಟಿಸಿದ್ರೆ ಆಸರೆ ಇಲ್ಲದ ಟೊಮ್ಯಾಟೊ ಬಳ್ಳಿ ಹಾಗೆ ಒಂದರ ಮೇಲೊಂದು ಬಿದ್ದುಕೊಳ್ತವೆ, ವಿಷ ಬಂದ್ರೂ ಸಿಗಲ್ಲ. ಆಕ್ಸ್‌ಫರ್ಡ್‌ನಲ್ಲಿ ಡಿಎನ್‌ಎಯಿಂದಲೇ ಮುಕ್ಕಾಲಿಯಂಥ ಪಿರಮಿಡ್ ಕಟ್ಟೋ ಸುಲಭ ದಾರಿ ಸಿಕ್ಕಿತ್ತು. ಶಾಂಘೈಯ ಚುನ್‌ಹಾಯ್ ಫ್ಯಾನ್ ತಂಡ ಆ ಮುಕ್ಕಾಲಿಯ ಮೂರು ಕಾಲನ್ನು ಚಿನ್ನದ ಮೇಲ್ಮೈಗೆ ಊರಿ, ತುದಿಯಲ್ಲಿ ಹಿಡಿಯೋ ದಾರವನ್ನು ನೆಟ್ಟಗೆ ನಿಲ್ಲಿಸಿತು. ಗೂಟ ಕೊಟ್ಟು ಅಂತರ ಬಿಟ್ಟು ನೆಟ್ರೆ ಇಳುವರಿ ಜಾಸ್ತಿ ಅಂತ ನಮಗೆ ಗೊತ್ತಿರೋದೇ.

ಈ ದಾರಗಳ ಆಟಕ್ಕೆ ನಮ್ಮ ಊರಿನ ನಂಟೂ ಇದೆ. ಕೃಷಿಮೇಳಕ್ಕೆ ಜಿಕೆವಿಕೆಗೆ ಹೋಗಿದ್ದೀರಲ್ಲ, ಅದೇ ಆವರಣದಲ್ಲಿ ಎನ್‌ಸಿಬಿಎಸ್ ಅನ್ನೋ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಯಮುನಾ ಕೃಷ್ಣನ್ ಅವರ ತಂಡ 2009ರಲ್ಲಿ ಐ ಸ್ವಿಚ್ ಅನ್ನೋ ಡಿಎನ್‌ಎ ಯಂತ್ರವನ್ನು ಜೀವಂತ ಕೋಶದೊಳಗೆ ಬಿಟ್ಟು ಪಿಎಚ್ ಅಳೆಯಿತು. ಸಿ ಅಕ್ಷರ ಹೆಚ್ಚಿರೋ ದಾರ ಹುಳಿ ಹೆಚ್ಚಾದ್ರೆ ಮಡಚಿಕೊಳ್ಳುತ್ತೆ, ಕಡಿಮೆಯಾದ್ರೆ ಬಿಚ್ಚಿಕೊಳ್ಳುತ್ತೆ. ಅಲ್ಲಿ ಬಳಸಿದ್ದು ಹೊರಗಿನಿಂದ ಬೆಳಕು ಬಿಟ್ಟು ನೋಡೋ ವಿಧಾನ, ಲ್ಯುಮಿನಾಲ್ ಅಲ್ಲ. ಆದ್ರೆ ದಾರ ಮಡಚಿಕೊಂಡು ಸುದ್ದಿ ಹೇಳೋ ತತ್ವ ಒಂದೇ. ಮಣ್ಣಿನ ಪಿಎಚ್ ನೋಡೋಕೆ ನಾವು ಬಕೆಟ್ ಹಿಡ್ಕೊಂಡು ಓಡಾಡೋ ಕ್ಯಾಂಪಸ್ಸಿನ ಪಕ್ಕದಲ್ಲೇ ಒಂದು ಕೋಶದ ಪಿಎಚ್ ಅಳೆದಿದ್ದಾರೆ!

ಮೆಣಸಿನಕಾಯಿ ಒಳಗೆ ಹೋದಾಗ

ಇಲ್ಲಿವರೆಗೆ ಹೇಳಿದ್ದೆಲ್ಲ ಶುದ್ಧ ನೀರಿನಲ್ಲಿ ಚೆನ್ನಾಗಿ ನಡೆಯುತ್ತೆ. ನಮ್ಮ ಮಾಲು ಶುದ್ಧ ನೀರಲ್ಲ.

ಮೊದಲನೆಯದು ಬಣ್ಣ. ಬ್ಯಾಡಗಿ ಮೆಣಸಿನಕಾಯಿಯ ಹೆಮ್ಮೆಯೇ ಅದರ ಕಡುಕೆಂಪು. ಕೆಂಪಾಗಿ ಕಾಣುತ್ತೆ ಅಂದ್ರೆ ನೀಲಿ ಬೆಳಕನ್ನು ನುಂಗಿಕೊಳ್ಳುತ್ತೆ ಅಂತ. ಲ್ಯುಮಿನಾಲ್ ಕೊಡೋದು ನೀಲಿ ಬೆಳಕೇ, ಸುಮಾರು 425 ನ್ಯಾನೋಮೀಟರ್ ಆಸುಪಾಸು. ಅರಿಶಿನದ ಹಳದಿಯೂ ಎಲೆಯ ಹಸಿರೂ ಆ ಜಾಗದಲ್ಲೇ ಬೆಳಕು ನುಂಗ್ತವೆ. ಜೊತೆಗೆ ಮೆಣಸಿನಕಾಯಲ್ಲಿರೋ ವಿಟಮಿನ್ ಸಿ ಥರದ ಆಂಟಿಆಕ್ಸಿಡೆಂಟ್‌ಗಳು ಕ್ರಿಯೆಯನ್ನೇ ತಣ್ಣಗಾಗಿಸ್ತವೆ. ಹಾಗಾಗಿ ವಿಷ ಇದ್ರೂ ಬೆಳಕು ಕಡಿಮೆ ಕಾಣಬಹುದು. ಎಲೆರಸದಲ್ಲಿ ಇದರ ಉಲ್ಟಾ ಸಮಸ್ಯೆಯೂ ಇದೆ: ಗಿಡಗಳಲ್ಲಿ ಪೆರಾಕ್ಸಿಡೇಸ್ ಸಹಜವಾಗೇ ಇರುತ್ತೆ, ಯಾವ ರೋಗವೂ ಇಲ್ಲದ ಎಲೆ ತಾನೇ ಲ್ಯುಮಿನಾಲ್ ಹೊತ್ತಿಸಬಹುದು. ಕಬ್ಬಿಣದಂಶದ ಬೋರ್‌ವೆಲ್ ನೀರು, ಡ್ರಿಪ್ ತೊಳೆಯೋ ಬ್ಲೀಚಿಂಗ್ ಕೂಡ ಹೊತ್ತಿಸ್ತವೆ. ಡಿಸ್ಟಿಲ್ಡ್ ವಾಟರ್ ಅಂತ ಬರೆದಿದ್ರೆ ಅದನ್ನೇ ಬಳಸಬೇಕು, ಫಿಲ್ಟರ್ ನೀರು ಸಾಕು ಅಂತ ಬಿಡಬಾರದು.

ಇದಕ್ಕೆಲ್ಲ ಲ್ಯಾಬಿನವರ ಪರಿಹಾರ ತಿಳಿ ಮಾಡೋದು. ಅಲ್ಲೇ ಲೆಕ್ಕ ಇರೋದು, ದಯವಿಟ್ಟು ಗಮನ ಕೊಟ್ಟು ಓದಿ. ಒಂದು ಗ್ರಾಂ ಪುಡಿಯನ್ನು 5 ಮಿಲಿ ಮೆಥನಾಲ್ ನೀರಿನಲ್ಲಿ ಕಲಕಿದ್ರಿ ಅಂತಿಟ್ಟುಕೊಳ್ಳಿ. ಮೆಥನಾಲ್ ಮತ್ತು ಬಣ್ಣ ಕಾಟ ಕೊಡಬಾರದು ಅಂತ ಅದನ್ನು ಮತ್ತೆ 10 ಪಟ್ಟು ತಿಳಿ ಮಾಡಿದ್ರಿ. ಮೆಣಸಿನಕಾಯಲ್ಲಿ 10 ಪಿಪಿಬಿ ಇದ್ರೆ, ಅಂದ್ರೆ ಗ್ರಾಂಗೆ 10 ನ್ಯಾನೋಗ್ರಾಂ, ಮೊದಲ ಹಂತದಲ್ಲಿ ಮಿಲಿಗೆ 2, ಎರಡನೇ ಹಂತದಲ್ಲಿ ಮಿಲಿಗೆ ಬರೀ 0.2 ನ್ಯಾನೋಗ್ರಾಂ ಉಳಿಯುತ್ತೆ. ಈಗ ಒಬ್ಬರು ಬಂದು "ನಮ್ಮ ಕಿಟ್ 1 ಪಿಪಿಬಿ ಹಿಡಿಯುತ್ತೆ" ಅಂದ್ರೆ, ಅದು ಟ್ಯೂಬಿನ ದ್ರವದಲ್ಲಿ ಮಿಲಿಗೆ 1 ನ್ಯಾನೋಗ್ರಾಂ ಅಂತಾದ್ರೆ, ಮೆಣಸಿನಕಾಯಿ ಲೆಕ್ಕದಲ್ಲಿ 50 ಪಿಪಿಬಿ ಆಯ್ತು. ಯುರೋಪಿನ ಮಿತಿಯ ಐದು ಪಟ್ಟು. ಸುಳ್ಳು ಹೇಳಲಿಲ್ಲ, ಆದ್ರೆ ನಮಗೆ ಉಪಯೋಗವೂ ಇಲ್ಲ. "ಆ 1 ಪಿಪಿಬಿ ಟ್ಯೂಬಿನಲ್ಲಾ, ಮೆಣಸಿನಕಾಯಲ್ಲಾ?" ಅಂತ ಒಂದೇ ಮಾತು ಕೇಳಿ. ಉತ್ತರಕ್ಕೆ ತಡವರಿಸಿದ್ರೆ ಟೀ ಕುಡಿಸಿ ಕಳಿಸಿ.

ಎರಡನೇ ಪ್ರಶ್ನೆ ಕತ್ತಲಿನ ಬಗ್ಗೆ. ವಿಷ ಇದ್ರೆ ಬೆಳಕು ಅನ್ನೋ ಟೆಸ್ಟ್‌ನಲ್ಲಿ, ಪೆರಾಕ್ಸೈಡ್ ಹಳೆಯದಾಗಿ ಕೆಟ್ಟಿದ್ರೂ ಕತ್ತಲೇ ಬರುತ್ತೆ. ಮಾಲು ಚೆನ್ನಾಗಿದೆಯಾ, ಕಿಟ್ ಸತ್ತಿದೆಯಾ ಗೊತ್ತಾಗಲ್ಲ. ಹಾಗಾಗಿ ಪಕ್ಕದಲ್ಲಿ ಯಾವಾಗಲೂ ಬೆಳಗಲೇಬೇಕಾದ ಒಂದು ಕಂಟ್ರೋಲ್ ಚುಕ್ಕೆ ಇರಬೇಕು. ಇಲ್ಲದ ಕಿಟ್ ಬೇಡ. ಈಗ ಹೆಚ್ಚು ಬಳಕೆಯಲ್ಲಿರೋ ಆಂಟಿಬಾಡಿಯ ಅಫ್ಲಾಟಾಕ್ಸಿನ್ ಸ್ಟ್ರಿಪ್ ಬಗ್ಗೆಯೂ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಅದು ಕೋವಿಡ್ ಸ್ಟ್ರಿಪ್‌ಗೆ ಉಲ್ಟಾ. ವಿಷ ಹೆಚ್ಚಾದಷ್ಟೂ ಟೆಸ್ಟ್ ಗೆರೆ ಮಸುಕಾಗುತ್ತೆ, ಎರಡೂ ಗೆರೆ ಚೆನ್ನಾಗಿ ಮೂಡಿದ್ರೆ ಮಾಲು ಪಾಸ್. ಎರಡು ಗೆರೆ ನೋಡಿ ಗಾಬರಿಯಾಗಿ ಮಾಲು ಕಡಿಮೆ ರೇಟಿಗೆ ಕೊಡಬೇಡಿ.

ಮೊಬೈಲ್ ಕ್ಯಾಮೆರಾ ಸಾಕಾ?

ಸಾಕಾಗಬಹುದು. ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದ ಆಲ್ಡೊ ರೋಡಾ ಅವರ ತಂಡ ಫೋನಿಗೆ ಒಂದು ಕತ್ತಲೆ ಡಬ್ಬಿ ಜೋಡಿಸಿ, ಎಂಜಲಿನಲ್ಲಿರುವ ಕಾರ್ಟಿಸಾಲ್ ಅನ್ನೋ ಹಾರ್ಮೋನನ್ನು ಲ್ಯುಮಿನಾಲ್ ಬೆಳಕಿನಿಂದ ಅಳೆದು ತೋರಿಸಿದೆ. ಅದು ಬೇರಿನ ಕಿಣ್ವ ಮತ್ತು ಆಂಟಿಬಾಡಿ ಬಳಸಿದ್ದು, ಡಿಎನ್‌ಎ ದಾರ ಅಲ್ಲ. ಆದ್ರೆ ಫೋನಿನ ಸೆನ್ಸರ್‌ಗೆ ಆ ಮಂದ ಬೆಳಕು ಕಾಣುತ್ತೆ ಅನ್ನೋದು ಖಚಿತ ಆಯ್ತು.

ಇದರ ತೊಡಕನ್ನು ನೀವೇ ನೋಡಬಹುದು. ಜಾತ್ರೆಯ ಹೊಳೆಯೋ ಕೋಲು ಎರಡು ತನ್ನಿ. ಎರಡನ್ನೂ ಬಗ್ಗಿಸಿ, ಒಂದನ್ನು ಫ್ರಿಜ್ ನೀರಿನಲ್ಲಿ, ಇನ್ನೊಂದನ್ನು ಸ್ನಾನದ ಬಿಸಿ ನೀರಿನಲ್ಲಿ ಐದು ನಿಮಿಷ ಇಟ್ಟು ಕತ್ತಲೆ ಕೋಣೆಯಲ್ಲಿ ಫೋಟೋ ತೆಗೀರಿ. ಒಂದೇ ಪ್ಯಾಕೆಟ್‌ನ ಕೋಲು, ಬಿಸಿಯದ್ದು ಜೋರು, ತಣ್ಣನೆಯದ್ದು ಮಂಕು. ಆಮೇಲೆ ನೈಟ್ ಮೋಡ್ ಹಾಕಿ ತೆಗೆದು ನೋಡಿ, ಫೋನ್ ತಾನೇ ಬೆಳಕು ತಿದ್ದಿ ಎರಡನ್ನೂ ಹತ್ತಿರ ಹತ್ತಿರ ಮಾಡಿರುತ್ತೆ. ಮಧ್ಯಾಹ್ನದ ಕಣದಲ್ಲಿ ಮಾಡಿದ ಟೆಸ್ಟಿಗೂ ಬೆಳಗ್ಗೆ ಆರಕ್ಕೆ ಮಾಡಿದ್ದಕ್ಕೂ ಹೀಗೇ ವ್ಯತ್ಯಾಸ ಬರುತ್ತೆ. ನಿಮ್ಮ ಫೋನಿಗೂ ನನ್ನ ಫೋನಿಗೂ ಕೂಡ. ಒಳ್ಳೆ ವಿನ್ಯಾಸದಲ್ಲಿ ಗೊತ್ತಿರೋ ಪ್ರಮಾಣದ ಚುಕ್ಕೆಗಳು ಅದೇ ಫೋಟೋದಲ್ಲಿ ಇರ್ತವೆ, ಆ್ಯಪ್ ಅವುಗಳ ಜೊತೆ ಹೋಲಿಸಿ ಅಂಕಿ ಕೊಡುತ್ತೆ. ಬರೀ "ಫೋಟೋ ತೆಗೆದು ಅಪ್‌ಲೋಡ್ ಮಾಡಿ" ಅನ್ನೋದನ್ನು ನಾನಂತೂ ನಂಬಲ್ಲ.

ಒಂದು ಕಾಳಿನ ಲೆಕ್ಕ

ಹೋದ ಬಾರಿ ನಮ್ಮ ಗುಂಪಿನ ಒಂದು ಲಾಟ್‌ಗೆ ಒಂದು ಕಡೆ ಪಾಸ್, ಖರೀದಿದಾರರ ಕಡೆ ಫೇಲ್ ಅಂತ ಬಂತು. ಹುಡುಗರು ಲ್ಯಾಬಿನವರು ಮೋಸ ಮಾಡಿದ್ರು ಅಂತ ಕೂಗಾಡಿದ್ರು. ಮೋಸ ಇಲ್ಲದೆಯೂ ಹೀಗಾಗುತ್ತೆ, ಅದಕ್ಕೆ ಯಾವ ಡಿಎನ್‌ಎ ದಾರವೂ ಪರಿಹಾರ ಅಲ್ಲ.

ಬೂಷ್ಟು ಎಲ್ಲ ಕಾಳಿಗೂ ಸಮನಾಗಿ ಹಿಡಿಯಲ್ಲ. ಸಾವಿರಾರು ಶೇಂಗಾ ಕಾಳಿನಲ್ಲಿ ಕೆಲವಕ್ಕೆ ಮಾತ್ರ. ಆದ್ರೆ ಹಿಡಿದ ಒಂದೇ ಕಾಳಿನಲ್ಲಿ 10 ಲಕ್ಷ ಪಿಪಿಬಿಗೂ ಮೀರಿ ವಿಷ ಸಿಕ್ಕ ದಾಖಲೆ 1960ರ ದಶಕದಿಂದಲೇ ಇದೆ. ಅರ್ಧ ಗ್ರಾಂ ತೂಗುವ ಅಂಥ ಒಂದು ಕಾಳಿನಲ್ಲಿ 500 ಮೈಕ್ರೋಗ್ರಾಂ ವಿಷ. 50 ಕೆಜಿ ಚೀಲಕ್ಕೆ ಹಂಚಿದ್ರೆ ಕೆಜಿಗೆ 10 ಮೈಕ್ರೋಗ್ರಾಂ. ಅಂದ್ರೆ ಒಂದು ಕಾಳು ಇಡೀ ಚೀಲವನ್ನು ಮಿತಿ ದಾಟಿಸುತ್ತೆ. ನೀವು ಚೀಲದ ಬಾಯಿಂದ ಒಂದು ಹಿಡಿ ತೆಗೆದು ಪ್ರಪಂಚದ ಅತಿ ಸೂಕ್ಷ್ಮ ಸೆನ್ಸರ್‌ಗೆ ಕೊಟ್ರೂ, ಆ ಕಾಳು ಹಿಡಿಯೊಳಗೆ ಬರದಿದ್ರೆ ಪಾಸ್. ಬಂದ್ರೆ ಭಯಂಕರ ಫೇಲ್. ಅದಕ್ಕೇ ಯುರೋಪಿನ ನಿಯಮದಲ್ಲಿ ಶೇಂಗಾದ ದೊಡ್ಡ ಲಾಟ್‌ಗೆ ಬೇರೆ ಬೇರೆ ಕಡೆಯಿಂದ ಸೇರಿಸಿ 20 ಕೆಜಿ ಸ್ಯಾಂಪಲ್ ತೆಗೀತಾರೆ. ನಮ್ಮ ಹೊಲದಲ್ಲಿ ಹಾರೆ ತಾಗಿ ಒಡೆದ ಕಾಯಿ, ಹುಳ ತಿಂದದ್ದು, ಜೊಳ್ಳು, ಬಣ್ಣಗೆಟ್ಟದ್ದು ಆರಿಸಿ ತೆಗೆಯೋದು, ಮಣ್ಣಿನ ಮೇಲೆ ಹಾಕದೆ ತಾಡಪಾಲಿನ ಮೇಲೆ ಒಣಗಿಸೋದು, ಶೇಂಗಾ ಕಾಯಿಯ ತೇವ ಶೇ. 8ರ ಹತ್ತಿರ ಇಳಿಸೋದು, ಇವು ಯಾವ ಟೆಸ್ಟಿಗಿಂತ ಮೊದಲು ಮಾಡಬೇಕಾದ ಕೆಲಸ.

ಈ ಸಲ ಸ್ಟ್ರಿಪ್ ಬಳಸಲಿ, ಲ್ಯಾಬಿಗೆ ಕಳಿಸಲಿ, ಮುಂದೆ ಮಿನುಗೋ ಕಿಟ್ಟೇ ಬರಲಿ, ಸ್ಯಾಂಪಲ್ ಹೀಗೆ ತೆಗೀರಿ. ಪ್ರತಿ ಚೀಲದ ಮೇಲೆ, ನಡುವೆ, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ತಾಡಪಾಲಿನ ಮೇಲೆ ಒಟ್ಟು ಮಾಡಿ. ಅದರಲ್ಲಿ ಚೆನ್ನಾಗಿರೋದನ್ನು ಆರಿಸೋಕೆ ಹೋಗಬೇಡಿ. ಎಲ್ಲವನ್ನೂ ಮಿಕ್ಸಿಯಲ್ಲೋ ಗಿರಣಿಯಲ್ಲೋ ಪುಡಿ ಮಾಡಿ ಚೆನ್ನಾಗಿ ಕಲಸಿ. ಕಲಸೋವಾಗ ಮೂಗಿಗೆ, ಬಾಯಿಗೆ ಮಾಸ್ಕ್ ಇರಲಿ. ಆಮೇಲೆ ಮಣ್ಣು ಪರೀಕ್ಷೆಗೆ ಮಾಡೋ ಹಾಗೆ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದು ಬಿಡಿ. ಬೇಕಾದಷ್ಟಕ್ಕೆ ಇಳಿಯೋವರೆಗೆ ಹೀಗೇ ಮಾಡಿ. ಕೊನೆಯ ಪಾಲನ್ನು ಮೂರು ಗಾಳಿಯಾಡದ ಕವರಿಗೆ ಹಾಕಿ: ಒಂದು ನಿಮ್ಮ ಟೆಸ್ಟಿಗೆ, ಒಂದು ಖರೀದಿದಾರರಿಗೆ, ಒಂದು ಇಬ್ಬರ ಸಹಿಯೂ ತಾರೀಖೂ ಲಾಟ್ ನಂಬರೂ ಇರುವ ಚೀಟಿ ಅಂಟಿಸಿ ಫ್ರಿಜ್‌ನಲ್ಲಿ. ಸಹಿ ಮಾಡಿದ ಕವರಿನದ್ದೊಂದು ಫೋಟೋ ಮೊಬೈಲ್‌ನಲ್ಲಿ ಇರಲಿ, ಫೋನ್ ಬಂದ ದಿನ ಬೇಕಾಗುತ್ತೆ.